ಶಾಬ್ಲಿಯ ಸುಣ್ಣದ ನೆಲದಲ್ಲಿ ರೂಟ್‌ಸ್ಟಾಕ್ ಬದಲಿಸಿದ ನನ್ನ ಅನುಭವ

ನಾನು ನೋಡಿಕೊಳ್ಳುವ ಶಾರ್ಡೊನೆ ದ್ರಾಕ್ಷಿ ತೋಟ ಫ್ರಾನ್ಸಿನ ಶಾಬ್ಲಿಯಲ್ಲಿ, ಸೆರೆನ್ ನದಿಯ ಎಡದಂಡೆಯಲ್ಲಿ ಆಗ್ನೇಯಕ್ಕೆ ಮುಖಮಾಡಿದ ಇಳಿಜಾರಿನಲ್ಲಿದೆ. ಅತ್ಯುನ್ನತ ದರ್ಜೆಯ, ಹೆಸರಾಂತ ಗ್ರಾಂ ಕ್ರೂ ತೋಟಗಳೆಲ್ಲ ಎದುರಿನ ಬಲದಂಡೆಯವು. ನಮ್ಮಲ್ಲಿ ನೆತ್ತಿಗೆ ಪೋರ್ಟ್‌ಲ್ಯಾಂಡಿಯನ್ ಎಂಬ ಪದರದ ಗಟ್ಟಿ ಸುಣ್ಣಕಲ್ಲು, ನಡುವೆ ಕಿಮ್ಮೆರಿಡ್ಜಿಯನ್ ಪದರದ ಸುಣ್ಣಜೇಡಿ, ಬುಡದಲ್ಲಿ ಕೊಚ್ಚಿಬಂದು ನಿಂತ ಆಳವಾದ ಜೇಡಿಮಣ್ಣು.

ಮಳೆ ಹೆಚ್ಚಾದ ವಸಂತದಲ್ಲೆಲ್ಲ ನಡುಭಾಗದ ಎಲೆಗಳು ನರ ಮಾತ್ರ ಹಸಿರು ಉಳಿದು ಹಳದಿಯಾಗುತ್ತಿದ್ದವು. ಹಿಂದಿನವರು ಇಡೀ ಇಳಿಜಾರಿಗೆ ಎಸ್‌ಒ4 ಎಂಬ ಒಂದೇ ರೂಟ್‌ಸ್ಟಾಕ್ (ಕಸಿಗೆ ಬೇರಾಗುವ ಗಿಡ) ಹಾಕಿಸಿದ್ದರು. ಗಿಡಕ್ಕೆ ಕಬ್ಬಿಣ ಒದಗಿಸುವ ಕೀಲೇಟ್ ಗೊಬ್ಬರಕ್ಕೆ ವರ್ಷಕ್ಕೆ ಹೆಕ್ಟೇರಿಗೆ ಐದಾರು ನೂರು ಯೂರೋ ಸುರಿದರೂ ಹಸಿರು ಮರುವರ್ಷಕ್ಕೆ ಉಳಿಯುತ್ತಿರಲಿಲ್ಲ.

ಮರುನಾಟಿಗೆ ಮುನ್ನ ನಾನು ಮೇಲಿನಿಂದ ಕೆಳಗೆ ಸಾಲಾಗಿ ಗುಂಡಿ ತೋಡಿಸಿದೆ. ನೆತ್ತಿಯ ಬಿಳಿಗಲ್ಲಿಗೆ ಆಮ್ಲ ಹನಿಸಿದರೆ ಭೋರೆಂದು ನೊರೆಯುಕ್ಕುತ್ತದೆ, ಆದರೆ ಪ್ರಯೋಗಾಲಯದ ಲೆಕ್ಕದಲ್ಲಿ ಸಕ್ರಿಯ ಸುಣ್ಣ, ಅಂದರೆ ಸುಲಭವಾಗಿ ಕರಗಿ ಬೇರಿಗೆ ಕಬ್ಬಿಣ ಸಿಗದಂತೆ ತಡೆಯುವ ನುಣುಪು ಸುಣ್ಣ, ಅಲ್ಲಿ ಶೇ 15ರ ಆಸುಪಾಸು. ನಡುವಿನ ಬೂದುಬಣ್ಣದ ಜೇಡಿಯಲ್ಲಿ, ಬೆರಳುಗುರಿನಷ್ಟು ಸಣ್ಣ ಸಿಂಪಿಗಳ ಪಳೆಯುಳಿಕೆ ಉದುರುವ ಕಡೆ, ಅದು ಶೇ 30 ದಾಟಿತ್ತು. ಎಸ್‌ಒ4 ತಾಳಿಕೊಳ್ಳುವುದು ಸುಮಾರು 17ರವರೆಗೆ ಮಾತ್ರ. ಮಾದರಿಯೊಂದಕ್ಕೆ ನಲವತ್ತು ಯೂರೋದಷ್ಟು ಕೊಟ್ಟ ನೆನಪು, ಆ ಹಣ ಕೀಲೇಟಿನ ಒಂದೇ ವರ್ಷದ ಬಿಲ್ಲಿನಲ್ಲಿ ಹುಟ್ಟುತ್ತಿತ್ತು.

ಹಾಗಾಗಿ ಸುಣ್ಣ ತಾಳುವ ಶಕ್ತಿ ನೋಡಿ ರೂಟ್‌ಸ್ಟಾಕ್ ತಳಿಗಳಲ್ಲಿ ನೆತ್ತಿಗೆ 161-49, ನಡುವಿಗೆ 41ಬಿ, ಅದರಲ್ಲೂ ತೀರಾ ಕೆಟ್ಟ ಪಟ್ಟಿಗೆ ಫೆರ್ಕಾಲ್, ಬುಡಕ್ಕೆ 3309 ಎಂದು ನಿರ್ಧರಿಸಿದೆ. ಒಂದೇ ತಾಕಿನಲ್ಲಿ ನಾಲ್ಕು ಬಗೆ ಹಾಕಿದರೆ ಹಣ್ಣು ಏಕಕಾಲಕ್ಕೆ ಪಕ್ವವಾಗದೆಂದು ನೆರೆಯವರು ನಕ್ಕರು. ತಣ್ಣನೆಯ ಒದ್ದೆ ವಸಂತವನ್ನು 41ಬಿ ಸಹಿಸದು, ಫಲಕ್ಕೂ ತಡ ಎಂದು ನರ್ಸರಿಯವರು ಎಚ್ಚರಿಸಿದರು, ಅದು ನಿಜವೂ ಹೌದು. ಹೆಕ್ಟೇರಿಗೆ ಆರು ಸಾವಿರದ ಹತ್ತಿರ ಗಿಡ, ಒಂದಕ್ಕೆ ಎರಡು ಯೂರೋಗೆ ತುಸು ಕಡಿಮೆ. ಮಾಲೀಕರು ಒಪ್ಪಲು ಒಂದು ಚಳಿಗಾಲವೇ ಹಿಡಿಯಿತು.

ಒದ್ದೆಯ ತೊಡಕಿಗೆ ಸಾಲು ಬಿಟ್ಟು ಸಾಲಿಗೆ ಬಾರ್ಲಿ ಬಿತ್ತಿ ನೀರು ಹೀರಿಸಿದೆ. ಆ ಬಾರ್ಲಿಯನ್ನು ಯಾವಾಗ ನೆಲಕ್ಕೆ ಮಲಗಿಸಬೇಕೆಂಬುದು ಮಾತ್ರ ಸದ್ಯಕ್ಕೆ ನನ್ನಲ್ಲೇ ಇರಲಿ. ಮೂರನೆಯ ವರ್ಷಕ್ಕೆ ನಡುಭಾಗ ಪೂರ್ತಿ ಹಸಿರಾಯಿತು, ಸತ್ತ ಗಿಡ ನೂರಕ್ಕೆ ಮೂರೋ ನಾಲ್ಕೋ, ಕೀಲೇಟಿನ ಡಬ್ಬ ತೆರೆದೇ ಇಲ್ಲ. ನಕ್ಕವರಲ್ಲೇ ಇಬ್ಬರು ಈಗ ತಮ್ಮ ಇಳಿಜಾರಿನಲ್ಲೂ ಗುಂಡಿ ತೋಡಿಸುತ್ತಿದ್ದಾರೆ. ವಿಜಯಪುರದಲ್ಲಿ ಡಾಗ್‌ರಿಡ್ಜ್ ಎಂಬ ರೂಟ್‌ಸ್ಟಾಕ್ ಮೇಲೆ ದ್ರಾಕ್ಷಿ ಕಸಿ ಕಟ್ಟುವ ಗೆಳೆಯರಿಗೂ ಮಣ್ಣಿನ ವರದಿಯಲ್ಲಿ ಒಟ್ಟು ಸುಣ್ಣದ ಜೊತೆಗೆ ಸಕ್ರಿಯ ಸುಣ್ಣವನ್ನೂ ಕೇಳಿ ಪಡೆಯಿರೆಂದು ಬರೆದಿದ್ದೇನೆ.

ಉಳಿದಿರುವ ತಕರಾರು ಫೆರ್ಕಾಲ್ ಪಟ್ಟಿಯದು. ಅದು ಮೆಗ್ನೀಸಿಯಂ ಕೊರತೆಗೆ ಬೇಗ ಬೀಳುವ ಜಾತಿ, ಆದ್ದರಿಂದ ಮೆಗ್ನೀಸಿಯಂ ಹೀರಿಕೆಯನ್ನು ತಗ್ಗಿಸುವ ಪೊಟ್ಯಾಶ್ ಹಾಕುವುದನ್ನು ಅಲ್ಲಿ ಈ ವರ್ಷ ನಿಲ್ಲಿಸಿ, ಕೊರತೆ ಮೊದಲು ಕಾಣುವ ಕೆಳಗಿನ ಎಲೆಗಳನ್ನು ಗಮನಿಸುತ್ತಿದ್ದೇನೆ.