ಸ್ಪೋರ್ಟ್ಸ್ ಕಾರನ್ನು ರ್ಯಾಲಿಗೆ ಇಳಿಸುವ ಮುಂಚೆ

ವಿಲ್ಸನ್ ಗಾರ್ಡನ್ನಿನ ನಮ್ಮ ಗ್ಯಾರೇಜಿಗೆ ಬರುವ ಹುಡುಗರು ಗೇಟಿನಲ್ಲೇ ಬಾನೆಟ್ ಎತ್ತುತ್ತಾರೆ. ಇಂಜಿನ್ ಕಂಪ್ಯೂಟರ್ ರಿಮ್ಯಾಪ್ ಆಗಿದೆ, ಎಕ್ಸಾಸ್ಟ್ ಬದಲಾಗಿದೆ. ‘ಅಣ್ಣಾ, ಇದನ್ನ ರ್ಯಾಲಿಗೆ ಬಿಡಬಹುದಾ?’ ಅಂತ ಕೇಳುತ್ತಾರೆ. ನಾನು ಬಾನೆಟ್ ಮುಚ್ಚಿಸಿ, ಡೋರ್ ತೆಗೆದು ಒಳಗೆ ನೋಡುತ್ತೇನೆ. ರೋಲ್ ಕೇಜ್ (ಕಾರು ಪಲ್ಟಿಯಾದರೆ ಒಳಗಿನವರನ್ನು ಕಾಯುವ ಪೈಪಿನ ಪಂಜರ) ಕಟ್ಟುವುದು ನನ್ನ ಕಸುಬು, ಅದಕ್ಕೇ ಹೀಗೆ ಅಂತ ನೀವು ಅನ್ನಬಹುದು. ಸ್ಕ್ರೂಟಿನಿಗೆ, ಅಂದರೆ ರ್ಯಾಲಿಯ ತಪಾಸಣೆಗೆ, ಬರುವವರೂ ಜಾಸ್ತಿ ಹೊತ್ತು ಕಳೆಯುವುದು ಅಲ್ಲೇ. ನಿಮ್ಮ ಇಂಜಿನ್ ಎಷ್ಟು ಕುದುರೆ ಎಳೆಯುತ್ತೆ ಅನ್ನುವುದು ಕಾರು ಯಾವ ಕ್ಲಾಸಿಗೆ (ಸ್ಪರ್ಧೆಯ ವಿಭಾಗಕ್ಕೆ) ಸೇರುತ್ತೆ ಅಂತ ಗೊತ್ತಾದ ಮೇಲಿನ ಮಾತು.

ಹಾಗಾಗಿ ಮೊದಲು ಕ್ಲಾಸ್ ನೋಡಿ. ಕಾರು ಎಷ್ಟೇ ಚೆನ್ನಾಗಿರಲಿ, ಸೇರಿಸಲು ಕ್ಲಾಸ್ ಇಲ್ಲದಿದ್ದರೆ ಮನೆಯಲ್ಲೇ ಇರಬೇಕು. ಪೋರ್ಷೆ 911, ಆಲ್ಪೀನ್ ಎ110, ಅಬಾರ್ತ್ 124 ಥರದ ಕಾರುಗಳಿಗೆ ಎಫ್‌ಐಎ (ಮೋಟಾರ್ ಸ್ಪೋರ್ಟಿನ ಜಾಗತಿಕ ಸಂಸ್ಥೆ) ಇಟ್ಟಿರುವ ಕ್ಲಾಸಿನ ಹೆಸರು ಆರ್-ಜಿಟಿ. ಟೂ ವೀಲ್ ಡ್ರೈವ್ ಮಾತ್ರ. 2015ರಲ್ಲಿ ಅದಕ್ಕೆ ಪ್ರತ್ಯೇಕ ಕಪ್ ಶುರುವಾಯಿತು. ಮೊದಲ ವರ್ಷ ಗೆದ್ದವರು ಫ್ರಾನ್ಸಿನ ಫ್ರಾಂಸ್ವಾ ಡೆಲೆಕೂರ್, ಕಾರು ಪೋರ್ಷೆ. ಆ ಕಪ್ಪಿನ ಸುತ್ತುಗಳೆಲ್ಲ ನಡೆದದ್ದು ಟಾರ್ ರಸ್ತೆಯಲ್ಲಿ. ನಮ್ಮ ರಾಷ್ಟ್ರೀಯ ಚಾಂಪಿಯನ್‌ಶಿಪ್ಪಿನ ಸ್ಟೇಜುಗಳು (ಸಮಯ ಅಳೆಯುವ, ಬೇರೆ ಗಾಡಿ ಬಿಡದ ದಾರಿಯ ತುಂಡುಗಳು) ಜಾಸ್ತಿ ಮಣ್ಣು, ಜಲ್ಲಿ. ಚಿಕ್ಕಮಗಳೂರಿನಲ್ಲಿ ಕಾಫಿ ತೋಟದ ದಾರಿ. ಲೇಔಟಿನ ಹಂಪ್ ದಾಟುವಾಗಲೇ ಹೊಟ್ಟೆ ಉಜ್ಜುವ ಕಾರನ್ನು ಅಲ್ಲಿ ಇಳಿಸಿದರೆ ಇಂಜಿನ್ ಅಡಿಯ ಆಯಿಲ್ ಸಂಪ್ ಒಡೆಯುವುದಕ್ಕೆ ಒಂದೇ ಕಲ್ಲು ಸಾಕು. ಇಲ್ಲಿ ಇಷ್ಟು ವರ್ಷ ಎಸ್ಟೀಮ್, ಸೀಡಿಯಾ, ಪೋಲೊಗಳು ಓಡಿದ್ದು ಸುಮ್ನೆ ಅಲ್ಲ. ಭಾಗ ಸಿಗುತ್ತೆ, ಎತ್ತರಿಸಬಹುದು, ಬಿದ್ದರೆ ತಟ್ಟಿ ಎಬ್ಬಿಸಬಹುದು.

‘ಹಿಂದೆ ಸ್ಪೋರ್ಟ್ಸ್ ಕಾರುಗಳೇ ಗೆಲ್ಲುತ್ತಿದ್ದವಲ್ಲ?’ ಅಂತ ಕೇಳುವವರಿದ್ದಾರೆ. ಹೌದು. 1968ರಿಂದ 1970ರವರೆಗೆ ಮೂರು ವರ್ಷ ಮಾಂಟೆ ಕಾರ್ಲೊ ರ್ಯಾಲಿ ಗೆದ್ದಿದ್ದು ಪೋರ್ಷೆ 911. ಫೆರಾರಿ ಡಿನೊದ ವಿ6 ಇಂಜಿನ್ ಹೊತ್ತ ಲಾನ್ಚಿಯಾ ಸ್ಟ್ರಾಟೋಸ್ ಅಂತೂ ರ್ಯಾಲಿಗೆಂದೇ ಹುಟ್ಟಿದ್ದು. 1974ರಿಂದ 1976ರವರೆಗೆ ವಿಶ್ವ ಚಾಂಪಿಯನ್‌ಶಿಪ್ ಅದರದ್ದೇ. ಆಮೇಲೆ 1982ರಲ್ಲಿ ಗ್ರೂಪ್ ಬಿ ಅನ್ನುವ ಕ್ಲಾಸ್ ಬಂತು. ಬರೀ 200 ಕಾರು ಕಟ್ಟಿ ತೋರಿಸಿದರೆ ಒಪ್ಪಿಗೆ ಸಿಗುತ್ತಿತ್ತು. 1986ರ ಮೇನಲ್ಲಿ ಕಾರ್ಸಿಕಾದಲ್ಲಿ ಹೆನ್ರಿ ಟೊಯ್ವೊನೆನ್ ಮತ್ತು ಅವರ ಕೋ-ಡ್ರೈವರ್ ಸೆರ್ಜಿಯೊ ಕ್ರೆಸ್ಟೊ ಇದ್ದ ಲಾನ್ಚಿಯಾ ಡೆಲ್ಟಾ ಎಸ್4 ರಸ್ತೆಯಿಂದ ಕೆಳಗೆ ಬಿದ್ದು ಹೊತ್ತಿಕೊಂಡಿತು. ಪೆಟ್ರೋಲ್ ಟ್ಯಾಂಕ್ ಇದ್ದಿದ್ದು ಸೀಟಿನ ಕೆಳಗೆ. ಇಬ್ಬರೂ ಉಳಿಯಲಿಲ್ಲ. ಆ ವರ್ಷದ ಕೊನೆಗೆ ಗ್ರೂಪ್ ಬಿ ಮುಗಿಯಿತು. 1987ರಿಂದ ಮೇಲುಗೈ ಗ್ರೂಪ್ ಎ ಕಾರುಗಳದ್ದು, ಅದಕ್ಕೆ 5000 ಕಾರು ಕಟ್ಟಬೇಕಿತ್ತು. ರೂಲ್ ಬುಕ್ ದಪ್ಪ ಅಂತ ಬೈಯುವವರಿಗೆ ನಾನು ಈ ಕತೆ ಹೇಳುತ್ತೇನೆ.

ಈಗ ಕೇಜಿಗೆ ಬರೋಣ. ಎಫ್‌ಐಎ ಅಪೆಂಡಿಕ್ಸ್ ಜೆ, 253ನೇ ಆರ್ಟಿಕಲ್, ಕೇಜಿನ ರೂಲು ಇರುವುದು ಅಲ್ಲಿ. ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಡ್ರೈವರ್ ಬೆನ್ನ ಹಿಂದೆ ನಿಲ್ಲುವ ಮೇನ್ ಹೂಪ್ (ದೊಡ್ಡ ಕಮಾನು) 45 ಮಿ.ಮೀ. ಪೈಪು, 2.5 ಮಿ.ಮೀ. ದಪ್ಪ. ಇಲ್ಲವೇ 50ಕ್ಕೆ 2. ಉಳಿದ ಪೈಪುಗಳು 38ಕ್ಕೆ 2.5 ಅಥವಾ 40ಕ್ಕೆ 2. ಸೀಮ್‌ಲೆಸ್ (ಉದ್ದಕ್ಕೂ ಬೆಸುಗೆ ಇಲ್ಲದ್ದು) ಆಗಿರಬೇಕು, ಕೋಲ್ಡ್ ಡ್ರಾನ್ (ಬಿಸಿ ಮಾಡದೆ ಎಳೆದದ್ದು) ಆಗಿರಬೇಕು. ಗ್ರಿಲ್ ಗೇಟಿಗೆ ಹಾಕುವ ಪೈಪ್ ಹೊರಗಿನಿಂದ ನೋಡಲು ಹಾಗೇ ಇರುತ್ತದೆ. ಒಬ್ಬ ಹುಡುಗ ಬೇರೆ ಕಡೆ ಕಟ್ಟಿಸಿದ ಕೇಜ್ ತಂದಿದ್ದ, ಕಪ್ಪು ಬಣ್ಣ ಫಳಫಳ ಹೊಳೆಯುತ್ತಿತ್ತು. ಪೈಪಿನ ತುದಿ ತೆರೆದಿದ್ದ ಕಡೆ ಬೆರಳು ಹಾಕಿದೆ. ಒಳಗೆ ಉದ್ದಕ್ಕೂ ದಾರದಂಥ ಗೆರೆ ಸಿಕ್ಕಿತು, ಬೆಸುಗೆಯ ಗೆರೆ. ಅದನ್ನು ಪೂರ್ತಿ ಕಿತ್ತು ಹಾಕಬೇಕಾಯಿತು. ಕಟ್ಟಿಸುವ ಮುಂಚೆ ಪೈಪಿನ ಬಿಲ್ ಮತ್ತು ಟೆಸ್ಟ್ ಸರ್ಟಿಫಿಕೇಟ್ ಕೇಳಿ. ಕೊಡುವುದಿಲ್ಲ ಅಂದರೆ ಬೇರೆ ಅಂಗಡಿ ನೋಡಿ.

ಬೆಸುಗೆ ಪೈಪಿನ ಸುತ್ತ ಪೂರ್ತಿ ಬರಬೇಕು. ಕಷ್ಟ ಇರುವುದು ಮೇಲೆ, ಪೈಪ್ ರೂಫಿಗೆ ಅಂಟಿಕೊಂಡ ಕಡೆ. ವೆಲ್ಡಿಂಗ್ ಟಾರ್ಚ್ ಹೋಗುವುದಿಲ್ಲ ಅಂತ ಕೆಲವರು ಕೆಳಗಿನ ಅರ್ಧ ಮಾತ್ರ ಹಚ್ಚಿ ಬಿಡುತ್ತಾರೆ. ನಾವು ಮಾಡುವುದು ಹೀಗೆ: ಕೇಜಿನ ಕಾಲು ಕೂರುವ ಜಾಗದಲ್ಲಿ ಫ್ಲೋರ್ ಕೊಯ್ದು ಕೇಜನ್ನು ಕೆಳಗೆ ಇಳಿಸುತ್ತೇವೆ, ಮೇಲಿನ ಬೆಸುಗೆ ಮುಗಿಸುತ್ತೇವೆ, ಆಮೇಲೆ ಎತ್ತಿ ನಿಲ್ಲಿಸಿ ಕೆಳಗೆ ಪ್ಲೇಟ್ ಮುಚ್ಚುತ್ತೇವೆ. ಬೋಲ್ಟ್ ಹಾಕಿ ಕೂರಿಸುವುದಾದರೆ ಆ ಪ್ಲೇಟ್ ಕಡಿಮೆ ಅಂದರೂ 3 ಮಿ.ಮೀ. ದಪ್ಪ, 120 ಚದರ ಸೆಂ.ಮೀ. ಇರಬೇಕು. ಒಂದೊಂದು ಕಾಲಿಗೆ ಮೂರು ಎಂ8 (8 ಮಿ.ಮೀ.) ಬೋಲ್ಟ್, ಗಟ್ಟಿತನದಲ್ಲಿ 8.8 ಗ್ರೇಡಿನದು. ನಿಮ್ಮ ಕೇಜ್ ನೋಡುವಾಗ ಸಣ್ಣ ಕನ್ನಡಿ ಹಿಡಿದು ರೂಫಿನ ಕಡೆಯ ಬೆಸುಗೆ ನೋಡಿ. ಬೇರೆ ಏನೂ ನೋಡದಿದ್ದರೂ ಇದನ್ನು ನೋಡಿ.

ಬೆಲ್ಟಿನಲ್ಲಿ ಆಗುವ ತಪ್ಪು ಎರಡು. ಒಂದು, ಸೀಟಿಗೇ ಬಿಗಿಯುವುದು. ಅದು ನಿಷಿದ್ಧ. ಎರಡು, ಭುಜದ ಪಟ್ಟಿಯನ್ನು ಹಿಂದಿನ ಫ್ಲೋರಿಗೆ ಕಡಿದಾಗಿ ಎಳೆಯುವುದು. ಸೀಟಿನ ತುದಿಯಿಂದ 45 ಡಿಗ್ರಿಗಿಂತ ಕೆಳಗೆ ಹೋಗಬಾರದು, 10ರ ಒಳಗಿದ್ದರೆ ಒಳ್ಳೆಯದು. ಕಡಿದಾಗಿದ್ದರೆ ಕಾರು ಗುದ್ದಿದಾಗ ಬೆನ್ನುಮೂಳೆಯನ್ನು ಕೆಳಕ್ಕೆ ಜಗ್ಗುತ್ತದೆ. ಸೀಟು, ಬೆಲ್ಟು ಎರಡಕ್ಕೂ ಲೇಬಲ್ ಮೇಲೆ ಅವಧಿ ಇರುತ್ತದೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಮೊದಲು ಅದನ್ನು ಓದಿ. ಒಮ್ಮೆ ಜೋರಾಗಿ ಗುದ್ದಿದ ಕಾರಿನ ಬೆಲ್ಟನ್ನು ಪುಕ್ಕಟೆ ಕೊಟ್ಟರೂ ಬೇಡ.

ಉಳಿದದ್ದು ಚಿಕ್ಕಚಿಕ್ಕದು, ಆದರೆ ಸ್ಕ್ರೂಟಿನಿಯಲ್ಲಿ ಜನ ಸಿಕ್ಕಿಬೀಳುವುದು ಇವುಗಳಲ್ಲೇ. ಬೆಲ್ಟ್ ಕಟರ್ ಎರಡು, ಬೆಲ್ಟ್ ಹಾಕಿಕೊಂಡು ಕೂತಾಗಲೇ ಕೈಗೆ ಎಟುಕಬೇಕು. ಬ್ಯಾಟರಿ ಕಟ್-ಆಫ್ ಸ್ವಿಚ್ ಹೊರಗಿನಿಂದಲೂ ತಿರುಗಬೇಕು, ಅದರ ಪಕ್ಕ ನೀಲಿ ತ್ರಿಕೋನದಲ್ಲಿ ಕೆಂಪು ಮಿಂಚಿನ ಸ್ಟಿಕ್ಕರ್. ಎಳೆಯುವ ಕೊಂಡಿಗೆ ಹಳದಿ, ಕೆಂಪು ಅಥವಾ ಕೇಸರಿ ಬಣ್ಣ. ಒಂದು ಕಡೆ ಎಸ್‌ಒಎಸ್, ಇನ್ನೊಂದು ಕಡೆ ಓಕೆ ಅಂತ ಬರೆದ ಬೋರ್ಡ್ ಮತ್ತು ಕೆಂಪು ತ್ರಿಕೋನ ಡಿಕ್ಕಿಯ ತಳದಲ್ಲಿ ಹೂತು ಹೋಗಿರಬಾರದು. ಕಾರು ಸ್ಟೇಜಿನಲ್ಲಿ ನಿಂತರೆ ತ್ರಿಕೋನವನ್ನು ಕಡಿಮೆ ಅಂದರೂ 50 ಮೀಟರ್ ಹಿಂದೆ ಇಡಬೇಕು.

ಇಷ್ಟೆಲ್ಲ ಹಾಕಿದ ಕಾರನ್ನು ದಿನಾ ಆಫೀಸಿಗೆ ಓಡಿಸುವ ಆಸೆ ಬಿಡಿ. ಕಂಪನಿ ಕೊಟ್ಟ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸಬಾರದು ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಹೆಲ್ಮೆಟ್ ಇಲ್ಲದೆ ಕೇಜ್ ಪೈಪಿಗೆ ತಲೆ ಬಡಿದರೆ ಅದು ಬೇರೆ ಕತೆ.

ಹುಡುಗರಿಗೆ ನಾನು ಕೊಡುವ ಸಲಹೆ ಏನು ಅಂದರೆ, ಮೊದಲ ವರ್ಷ ಕೇಜಿಗೆ ದುಡ್ಡು ಹಾಕಬೇಡಿ. ನನಗೇ ನಷ್ಟ, ಇರಲಿ. ಇದ್ದ ಕಾರಿನಲ್ಲೇ ಟೈಮ್-ಸ್ಪೀಡ್-ಡಿಸ್ಟೆನ್ಸ್ ರ್ಯಾಲಿ, ಅಂದರೆ ಟಿಎಸ್‌ಡಿ ಮಾಡಿ. ಅದರಲ್ಲಿ ವೇಗ ಲೆಕ್ಕಕ್ಕಿಲ್ಲ, ಕೊಟ್ಟ ಸರಾಸರಿ ಹಿಡಿಯಬೇಕು. ಗಂಟೆಗೆ 36 ಕಿ.ಮೀ. ಅಂದರೆ ಒಂದು ಕಿಲೋಮೀಟರಿಗೆ 100 ಸೆಕೆಂಡು. 7.4 ಕಿ.ಮೀ.ಗೆ 740 ಸೆಕೆಂಡು, 12 ನಿಮಿಷ 20 ಸೆಕೆಂಡು. ಪಕ್ಕದ ಸೀಟಿನವರು ಇದನ್ನು ಕುಲುಕಾಟದಲ್ಲಿ, ಬಾಯಿಲೆಕ್ಕದಲ್ಲಿ ಹೇಳಬೇಕು. ಹೇಳುವವರು ಸಿಕ್ಕರೆ ಬಿಡಬೇಡಿ. ಒಳ್ಳೆ ಟೈರ್ ದುಡ್ಡಿಗೆ ಸಿಗುತ್ತೆ, ಒಳ್ಳೆ ನ್ಯಾವಿಗೇಟರ್ ಸಿಗಲ್ಲ.

ಸ್ಟೇಜ್ ರ್ಯಾಲಿಗೆ ಇಬ್ಬರಿಗೂ ದೇಶದ ಮೋಟಾರ್ ಸ್ಪೋರ್ಟ್ ಸಂಸ್ಥೆಯಾದ ಎಫ್‌ಎಂಎಸ್‌ಸಿಐ ಲೈಸೆನ್ಸ್ ಬೇಕು. ಅಲ್ಲಿ ಗಡಿಯಾರದ ರೂಲು ಬೇರೆ ಥರ. ನೀವು ಟೈಮ್ ಕಂಟ್ರೋಲಿಗೆ (ಸಮಯ ಬರೆಸುವ ಠಾಣೆಗೆ) 10:42ಕ್ಕೆ ಹೋಗಬೇಕು ಅಂದುಕೊಳ್ಳಿ. ಎಫ್‌ಐಎ ರೂಲಿನಲ್ಲಿ ತಡವಾದ ಒಂದೊಂದು ನಿಮಿಷಕ್ಕೆ 10 ಸೆಕೆಂಡು ದಂಡ. ಬೇಗ ಹೋದರೆ ಒಂದೊಂದು ನಿಮಿಷಕ್ಕೆ ಪೂರಾ ಒಂದು ನಿಮಿಷ! ಅದಕ್ಕೇ ಕಂಟ್ರೋಲ್ ಶುರುವಾಗುವ ಹಳದಿ ಬೋರ್ಡಿಗೆ ಮುಂಚೆಯೇ ಕಾರು ನಿಲ್ಲಿಸಿ. 10:41 ಆದ ಮೇಲೆ ಒಳಗೆ ಹೋಗಬಹುದು, ಆದರೆ ಸಮಯ ಬರೆಸುವ ಟೈಮ್ ಕಾರ್ಡ್ ಕೊಡಬೇಕಾದದ್ದು 10:42:00ರಿಂದ 10:42:59ರೊಳಗೆ. ನೋಡಬೇಕಾದದ್ದು ಕಂಟ್ರೋಲಿನ ಗಡಿಯಾರ, ನಿಮ್ಮ ಮೊಬೈಲ್ ಅಲ್ಲ. ಬರೆದ ಸಮಯವನ್ನು ಅಲ್ಲೇ ಓದಿಕೊಳ್ಳಿ. ದಂಡದ ಲೆಕ್ಕ ಈವೆಂಟಿನಿಂದ ಈವೆಂಟಿಗೆ ಬದಲಾಗಬಹುದು, ಸಪ್ಲಿಮೆಂಟರಿ ರೆಗ್ಯುಲೇಶನ್ (ಆ ಈವೆಂಟಿನದೇ ರೂಲು) ಹಿಂದಿನ ರಾತ್ರಿಯೇ ಓದಿ.

ಫಿನಿಶ್ ಆದ ಮೇಲೆ ಕಾರು ಪಾರ್ಕ್ ಫರ್ಮೆಗೆ, ಅಂದರೆ ಕಾವಲಿನ ಪಾರ್ಕಿಂಗಿಗೆ, ಹೋಗುತ್ತದೆ. ಅಲ್ಲಿ ಸ್ಪ್ಯಾನರ್ ಮುಟ್ಟುವ ಹಾಗಿಲ್ಲ, ತೀರ್ಪುಗಾರರಾದ ಸ್ಟೀವರ್ಡ್‌ಗಳು ಬಿಡುವವರೆಗೆ ಕಾರು ಅಲ್ಲೇ. ಯಾರಾದರೂ ಪ್ರೊಟೆಸ್ಟ್ (ದೂರು) ಹಾಕಿದರೆ ಇಂಜಿನ್ ಬಿಚ್ಚಿಸುವುದೂ ಉಂಟು. ಕಾರು ಒಯ್ಯುವ ಟ್ರಕ್ಕನ್ನು ಅವತ್ತು ಸಂಜೆಗೆ ಹೇಳಬೇಡಿ, ಮಾರನೇ ದಿನ ಬೆಳಿಗ್ಗೆಗೆ ಹೇಳಿ. ವೆಯ್ಟಿಂಗ್ ಚಾರ್ಜ್ ಉಳಿಯುತ್ತೆ.