ಸಾಹುಕಾರರ ಜೀವನಚರಿತ್ರೆ ಬರೆಯುವ ಮುನ್ನ ಮೊದಲ ಉದ್ರಿಯ ಲೆಕ್ಕ ಕೇಳಿ

ಹುಬ್ಬಳ್ಳಿಯ ಜವಳಿ ಸಾಲಿನಲ್ಲೋ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲೋ ಬರಿಗೈಲಿ ಶುರುಮಾಡಿ, ಮುಂದೆ ಹುಟ್ಟೂರಿನ ಹೈಸ್ಕೂಲಿಗೆ ಕಟ್ಟಡ ಕಟ್ಟಿಸಿಕೊಟ್ಟ ಹಿರಿಯರು. ಅವರ ಎಪ್ಪತ್ತೈದಕ್ಕೆ ಅಭಿನಂದನ ಗ್ರಂಥ ಬರಲಿದೆ, ಜೀವನಚರಿತ್ರೆಯ ಲೇಖನ ನಿಮ್ಮ ಪಾಲಿಗೆ ಬಂದಿದೆ ಅಂದುಕೊಳ್ಳಿ. ಎರಡೂವರೆ ಸಾವಿರ ಪದ ಸಾಕು. ಅದಕ್ಕೆ ಒಂದೊಂದು ತಾಸಿನ ನಾಲ್ಕು ಮಾತುಕತೆ, ಮನೆಯ ಹೊರಗಿನವರು ಆರೇಳು ಮಂದಿ, ಕಾಗದಪತ್ರ ನೋಡಲು ಒಂದು ವಾರ ಬೇಕು. ಒಂದು ತಾಸಿನ ರೆಕಾರ್ಡಿಂಗ್ ಕೇಳಿ ಬರೆದಿಳಿಸಲು ನಾಲ್ಕೈದು ತಾಸು ಹಿಡಿಯುತ್ತದೆ.

ಬಾಲ್ಯದ ಬಡತನದಿಂದ ಶುರುಮಾಡಬೇಡಿ. ಅಂಥ ಗ್ರಂಥಗಳೆಲ್ಲ ಅಲ್ಲಿಂದಲೇ ಶುರುವಾಗಿ, ಮೂರನೇ ಪುಟಕ್ಕೆ ಎಲ್ಲ ಸಾಹುಕಾರರೂ ಒಂದೇ ಥರ ಕಾಣುತ್ತಾರೆ. ಒಬ್ಬರಿಗೂ ಇನ್ನೊಬ್ಬರಿಗೂ ಫರಕು ತೋರಿಸುವುದು ಮೊದಲ ಬಂಡವಾಳ. 'ಸ್ವಂತ ಬಲದಿಂದ ಮೇಲೆ ಬಂದವರು' ಅನ್ನುವ ಮಾತಿನ ಹಿಂದೆ ಬಹುತೇಕ ಯಾರೋ ಒಬ್ಬರು ಉದ್ರಿ (ಸಾಲ) ಕೊಟ್ಟಿರುತ್ತಾರೆ, ಇಲ್ಲವೇ ಜಾಮೀನು ನಿಂತಿರುತ್ತಾರೆ. ಆ ಹೆಸರು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. "ಸಾವ್ಕಾರ್ರ, ಮೊದಲ್ನೇ ಉದ್ರಿ ಕೊಟ್ಟಾವ್ರು ಯಾರ್ರಿ?" ಎಂದು ನೇರವಾಗಿ ಕೇಳಿ. ಯಶಸ್ಸಿನ ಗುಟ್ಟು ಕೇಳಿದರೆ ಭಾಷಣ ಸಿಗುತ್ತದೆ, ಉದ್ರಿ ಕೇಳಿದರೆ ಹೆಸರು, ಓಣಿ, ಮೊತ್ತ ಸಿಗುತ್ತವೆ. ಆಮೇಲೆ ಮೊದಲ ದೊಡ್ಡ ಲುಕ್ಸಾನು ಯಾವುದೆಂದು ಕೇಳಿ.

ಮನೆಯವರನ್ನು ಬೇರೆಯಾಗಿ ಕೂರಿಸಿ ಮಾತಾಡಿಸಬೇಕು. "ಅವ್ವಾರ, ಆಗ ದಾಗಿನ ಏನರ ಒತ್ತಿ ಇಟ್ಟಿದ್ರೇನ್ರಿ?" ಎಂಬ ಒಂದು ಪ್ರಶ್ನೆಗೆ ಪಾಟ್ಲಿ, ಬಿಲ್ವಾರ ಬಳೆಗಳ ತೂಕದ ಸಮೇತ ಉತ್ತರ ಬರುವುದುಂಟು. ಯಜಮಾನರಿಗೆ ಮರೆತದ್ದು ಅವರಿಗೆ ಮರೆತಿರುವುದಿಲ್ಲ. ಹಳೆಯ ಗುಮಾಸ್ತ, ಹಮಾಲ, ಡ್ರೈವರ್ ಇವರನ್ನೂ ಬಿಡಬೇಡಿ. ಅವರನ್ನು ಹುಡುಕಿ ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಗೆ ಸವಾಲು (ಹರಾಜು) ನಡೆಯುವ ಹೊತ್ತಿಗೆ ಹೋದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಬ್ಯಾಡಗಿಯಲ್ಲಾದರೆ ಸವಾಲಿನ ದಿನಗಳಾದ ಸೋಮವಾರ, ಗುರುವಾರ ಬಿಟ್ಟು ಹೋಗಿ.

ಒಂದು ಉದ್ದನೆಯ ನೋಟ್‌ಬುಕ್ಕಿನ ಎಡಪುಟದಲ್ಲಿ ಅವರು ಹೇಳಿದ್ದು, ಬಲಪುಟದಲ್ಲಿ ಕಾಗದ ಹೇಳಿದ್ದು ಬರೆಯಿರಿ. ಎಡವಟ್ಟು ಜನ್ಮದಿನಾಂಕದಿಂದಲೇ ಶುರು. ಆ ತಲೆಮಾರಿನವರ ಶಾಲಾ ದಾಖಲೆಯಲ್ಲಿ ಜೂನ್ 1 ಕಂಡರೆ ಅನುಮಾನಪಡಿ. ಶಾಲೆಗೆ ಸೇರಿಸುವಾಗ ಮಾಸ್ತರರೇ ವಯಸ್ಸು ಅಂದಾಜಿಸಿ ಹಾಕಿದ ತಾರೀಖು ಅದಾಗಿರಬಹುದು. ಮನೆಯಲ್ಲಿ ಜಾತಕವೋ ಸಂವತ್ಸರದ ನೆನಪೋ ಇದ್ದರೆ ಅದರಿಂದ ತಾಳೆ ನೋಡಿ. ಸಂವತ್ಸರ ಯುಗಾದಿಗೆ ಬದಲಾಗುತ್ತದೆ. 'ನಂದನ ಸಂವತ್ಸರದ ಶಿವರಾತ್ರಿಗೆ ಹುಟ್ಟಿದ್ದು' ಅಂದರೆ 1953ರ ಫೆಬ್ರವರಿ, 1952 ಅಲ್ಲ. ಹೆಚ್ಚಿನ ತಪ್ಪು ಈ ಒಂದು ವರ್ಷದ್ದೇ.

ಜಾಗದ ಹೆಸರಲ್ಲೂ ಹಾಗೆಯೇ. ಗದಗ, ಹಾವೇರಿ ಜಿಲ್ಲೆಗಳಾದದ್ದು 1997ರಲ್ಲಿ. '1985ರಲ್ಲಿ ಹಾವೇರಿ ಜಿಲ್ಲಾಧಿಕಾರಿಗಳು ಸನ್ಮಾನಿಸಿದರು' ಎಂಬ ವಾಕ್ಯ ಬಂದರೆ ಎಲ್ಲೋ ತಪ್ಪಿದೆ. ಈ ಭಾಗಕ್ಕೆ 1956ಕ್ಕೆ ಮೊದಲಿನದು ಮುಂಬಯಿ ರಾಜ್ಯ, ಆಮೇಲೆ 1973ರ ನವೆಂಬರ್‌ವರೆಗೆ ಮೈಸೂರು ರಾಜ್ಯ. ಹಳೆಯ ಕಿರ್ದಿಯಲ್ಲಿ (ದಿನದ ಲೆಕ್ಕದ ಪುಸ್ತಕ) ಮೋಡಿ ಅಕ್ಷರ, ಅಂದರೆ ಮರಾಠಿಯ ಹಳೆಯ ಕೂಡುಬರಹ, ಸಿಕ್ಕರೆ ಓದಬಲ್ಲವರಿಗೆ ತೋರಿಸಿ, ಊಹಿಸಬೇಡಿ.

ರೊಕ್ಕದ ವಿಷಯ. 1957ರ ಏಪ್ರಿಲ್ 1ಕ್ಕೆ ಮೊದಲಿನ ಲೆಕ್ಕ ರೂಪಾಯಿ-ಆಣೆಯಲ್ಲಿರುತ್ತದೆ, ಹಾಗೆಯೇ ಉಳಿಸಿ. 'ಇಂದಿನ ಬೆಲೆಯಲ್ಲಿ ಇಷ್ಟು ಲಕ್ಷ' ಎಂದು ಸೇರಿಸುವ ಚಟ ಬೇಡ. ಅದರ ಬದಲು ಅದೇ ವರ್ಷದ ಒಂದು ತೊಲ ಬಂಗಾರದ ದರ ಪಕ್ಕಕ್ಕಿಟ್ಟರೆ ಓದುಗರಿಗೆ ತಾನೇ ತಿಳಿಯುತ್ತದೆ. ಆದರೆ ಹಳೆಯ ತೊಲ 11.66 ಗ್ರಾಂ, ಈಗ ಅಂಗಡಿಯಲ್ಲಿ ತೊಲ ಅನ್ನುವುದು 10 ಗ್ರಾಂಗೆ.

ಹೆಸರಾಂತವರ ಬಗ್ಗೆ ಬರೆಯುವ ಕಷ್ಟವೇ ಬೇರೆ. ಗದುಗಿನ ವಿಜಯ ಸಂಕೇಶ್ವರರು ಮನೆತನದ ಮುದ್ರಣ ವ್ಯವಹಾರ ಬಿಟ್ಟು 1976ರಲ್ಲಿ ಒಂದೇ ಲಾರಿಯಿಂದ ಶುರುಮಾಡಿದ್ದು, 2020ರಲ್ಲಿ ಪದ್ಮಶ್ರೀ ಬಂದದ್ದು ಎಲ್ಲರಿಗೂ ಗೊತ್ತು. ಅದನ್ನೇ ಮತ್ತೆ ಬರೆದರೆ ಓದುವವರಾರು? ಅವರ ಸಾಗಣೆ ಕಂಪನಿ ವಿಆರ್‌ಎಲ್ ಲಾಜಿಸ್ಟಿಕ್ಸ್ 2015ರಲ್ಲಿ ಷೇರುಪೇಟೆಗೆ ಬಂತು. ಹಾಗೆ ಬರುವ ಕಂಪನಿ ಪ್ರಾಸ್ಪೆಕ್ಟಸ್ ಹೊರಡಿಸಲೇಬೇಕು. ಕಂಪನಿ ನೋಂದಣಿಯಾದ ದಿನ, ಪ್ರವರ್ತಕರ ವಿವರ, ಸಾಲ, ನಡೆಯುತ್ತಿರುವ ಮೊಕದ್ದಮೆ ಎಲ್ಲವೂ ಅದರಲ್ಲಿರುತ್ತವೆ. ನೂರಾರು ಪುಟದ ಒಣ ಇಂಗ್ಲಿಷು, ಆದರೆ ಹತ್ತು ಸಂದರ್ಶನಕ್ಕಿಂತ ಗಟ್ಟಿ. ಸಣ್ಣ ಅಂಗಡಿಗಳಿಗೆ ಪಾಲುದಾರಿಕೆ ಪತ್ರದ ಸ್ಟ್ಯಾಂಪ್ ಪೇಪರಿನ ತಾರೀಖು ನೋಡಿ. 'ಸ್ಥಾಪನೆ' ಎಂದು ಬೋರ್ಡಿನ ಮೇಲಿರುವ ವರ್ಷ ಎಷ್ಟೋ ಸಲ ಅಪ್ಪನ ಕಾಲದ್ದು.

ಇನ್ನು ದಾನ. ಇಲ್ಲಿ ಮೂರು ತಾರೀಖು ಬೇರೆಬೇರೆ ಇರುತ್ತವೆ: ವೇದಿಕೆಯಲ್ಲಿ ಘೋಷಿಸಿದ್ದು, ರೊಕ್ಕ ಸಂದದ್ದು, ಕಟ್ಟಡ ಉದ್ಘಾಟನೆಯಾದದ್ದು. ನಡುವಿನದಕ್ಕೆ ಶಾಲೆಯ ಆಡಳಿತ ಮಂಡಳಿಯ ಠರಾವು (ನಿರ್ಣಯ) ಅಥವಾ ಪಾವತಿ (ರಸೀದಿ) ಬೇಕು, ಮೊತ್ತವನ್ನೂ ಅಲ್ಲಿಂದಲೇ ತೆಗೆದುಕೊಳ್ಳಿ. ಇಡೀ ಕಟ್ಟಡಕ್ಕೆ ಒಬ್ಬರ ಹೆಸರಿದ್ದು, ಅವರು ಕೊಟ್ಟದ್ದು ಅರ್ಧ, ಉಳಿದದ್ದು ಸರಕಾರದ ಅನುದಾನ ಆಗಿರಬಹುದು. ಯಾರ ಜೇಬಿನಿಂದ ಹೋಯಿತೆಂಬುದೂ ಮುಖ್ಯ. ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1000 ಕೋಟಿ, ನಿವ್ವಳ ಲಾಭ 5 ಕೋಟಿ, ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಿಎಸ್‌ಆರ್‌ಗೆ (ಕಂಪನಿಯ ಸಾಮಾಜಿಕ ಹೊಣೆಗಾರಿಕೆ) ಇಡಬೇಕೆಂಬ ಕಾನೂನು 2014ರ ಏಪ್ರಿಲ್‌ನಿಂದ ಇದೆ. ಆ ರೊಕ್ಕವನ್ನು 'ಕೊಡುಗೈ ದಾನ' ಎಂದು ಬರೆದರೆ ತಿಳಿದವರು ನಗುತ್ತಾರೆ.

ಶಾಲೆಯ ಗೋಡೆಯ ಶಿಲಾಫಲಕ ಓದುವುದಕ್ಕೂ ಒಂದು ಕ್ರಮವಿದೆ. ಬಣ್ಣವನ್ನು ಓದಬೇಡಿ, ಕೊರೆದ ಗೆರೆಯನ್ನು ಓದಿ. ಪ್ರತಿ ಸಲ ಸುಣ್ಣಬಣ್ಣ ಮಾಡಿಸುವಾಗ ಪೇಂಟರ್ ಅಕ್ಷರಗಳಿಗೆ ಹೊಸ ಬಣ್ಣ ತುಂಬುತ್ತಾನೆ. ೧ರ ಬಾಯಿ ಬಣ್ಣದಲ್ಲಿ ಮುಚ್ಚಿತೋ, ಅದು ೦ ಆಗುತ್ತದೆ. ೧೯೬೧ ಎಂಬುದು ೧೯೬೦ ಆಗಿಬಿಡುವುದು ಹೀಗೆ. ಒದ್ದೆ ಬಟ್ಟೆಯಿಂದ ಧೂಳು ಒರೆಸಿ, ಸಂಜೆ ಬೆಳಕು ಕಡಿಮೆಯಾದ ಮೇಲೆ ಟಾರ್ಚನ್ನು ಗೋಡೆಗೆ ತಾಗುವಷ್ಟು ಓರೆಯಾಗಿ ಹಿಡಿಯಿರಿ. ನೆರಳು ಬಿದ್ದು ಕೊರೆತ ಎದ್ದು ಕಾಣುತ್ತದೆ. ಎಡದಿಂದ, ಬಲದಿಂದ, ಮೇಲಿನಿಂದ ಒಂದೊಂದು ಫೋಟೋ ತೆಗೆದುಕೊಳ್ಳಿ. ಚಾಕು, ಆಸಿಡ್ಡು ಮುಟ್ಟಿಸಬೇಡಿ.

ಬರೆದದ್ದನ್ನು ಮನೆಯವರಿಗೆ ತೋರಿಸುವಾಗ ತಾರೀಖು, ಮೊತ್ತ, ಹೆಸರು ಮಾತ್ರ ತಿದ್ದಲು ಕೊಡಿ. ಪೂರ್ತಿ ಪ್ರತಿ ಕೊಟ್ಟರೆ ಲುಕ್ಸಾನಿನ ಪ್ಯಾರಾ ಮಾಯವಾಗಿ, ಹಳೆಯ ಪಾಲುದಾರರ ಹೆಸರು 'ಕೆಲವು ಹಿತೈಷಿಗಳು' ಎಂದಾಗಿ ವಾಪಸು ಬರುತ್ತದೆ. ಕೊನೆಯ ಪ್ರೂಫನ್ನು ಇಬ್ಬರು ಕೂತು ನೋಡಿ. ಒಬ್ಬರು ನೋಟ್‌ಬುಕ್ಕಿನ ಬಲಪುಟದ ಅಂಕಿಯನ್ನು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಪ್ರೂಫಿನಲ್ಲಿ ಗುರುತು ಹಾಕಲಿ. ಕಿರ್ದಿ, ಖತಾವಣಿಯನ್ನು (ಖಾತೆವಾರು ಲೆಕ್ಕದ ಪುಸ್ತಕ) ಅಂಗಡಿಯಲ್ಲೇ ಫೋಟೋ ತೆಗೆಯುವುದು ಒಳ್ಳೆಯದು. ಮನೆಗೆ ತಂದಿದ್ದರೆ ದೀಪಾವಳಿ ಪಾಡ್ಯಕ್ಕೆ ಮುಂಚೆ ಮುಟ್ಟಿಸಿಬಿಡಿ, ಅವತ್ತು ಪೂಜೆಗೆ ಅವರು ಹುಡುಕುತ್ತಾರೆ.