ಟಾಕ್‌ಬ್ಯಾಕ್ ಹಾಕಿಕೊಂಡು ಜಿಮೇಲ್: ಓದುವ ಅಳತೆ, ಕಳಿಸುವ ಎಚ್ಚರ, ನುಡಿ ಫೈಲಿನ ಕಾಟ

ಆಂಡ್ರಾಯ್ಡ್ 11 ಅಥವಾ ಅದಕ್ಕಿಂತ ಹೊಸ ಫೋನಿನಲ್ಲಿ, ಪರದೆಯಲ್ಲಿರುವುದನ್ನು ದನಿಯಲ್ಲಿ ಓದಿ ಹೇಳುವ ಟಾಕ್‌ಬ್ಯಾಕ್ ಬಳಸುವ, ಕಣ್ಣು ಕಾಣದವರಿಗಾಗಿ ಇದು. ಬಲಕ್ಕೆ ಸವರಿದರೆ ಮುಂದಿನದು, ಎಡಕ್ಕೆ ಸವರಿದರೆ ಹಿಂದಿನದು, ಎರಡು ಸಲ ತಟ್ಟಿದರೆ ತೆರೆಯುತ್ತದೆ ಎನ್ನುವಷ್ಟು ಗೊತ್ತಿದ್ದರೆ ಸಾಕು. ಮೆನುಗಳ ಹೆಸರು ಫೋನಿನಿಂದ ಫೋನಿಗೆ ತುಸು ಬೇರೆಯಾಗುತ್ತದೆ.

ಮೊದಲು ದನಿ. ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಟೆಕ್ಸ್ಟ್ ಟು ಸ್ಪೀಚ್ ಔಟ್‌ಪುಟ್ ಎಂದು ಹೋಗಿ, ಗೂಗಲ್ ಎಂಜಿನ್ನಿನ ಸೆಟ್ಟಿಂಗ್ಸ್‌ನಲ್ಲಿ 'ಇನ್‌ಸ್ಟಾಲ್ ವಾಯ್ಸ್ ಡೇಟಾ' ತೆರೆದು ಕನ್ನಡ ಮತ್ತು ಭಾರತೀಯ ಇಂಗ್ಲಿಷ್ ಎರಡನ್ನೂ ಇಳಿಸಿಕೊಳ್ಳಿ. ಕನ್ನಡದ ದನಿ ಇಲ್ಲದಿದ್ದರೆ ಕನ್ನಡದಲ್ಲಿ ಬಂದ ಮೇಲ್ ಓದಿಸಿಕೊಳ್ಳುವುದು ಕಷ್ಟ.

ಇನ್ನು ಜಿಮೇಲ್ ಒಳಗೆ. ಸೆಟ್ಟಿಂಗ್ಸ್‌ನ 'ಜನರಲ್ ಸೆಟ್ಟಿಂಗ್ಸ್'ನಲ್ಲಿ ಮೂರು ಕಡೆ ಕೈ ಹಾಕಬೇಕು. 'ಕಾನ್ವರ್ಸೇಷನ್ ವ್ಯೂ' ಆಫ್ ಮಾಡಿ. ಅದು ಆನ್ ಇದ್ದರೆ ಒಂದೇ ವಿಷಯದ ಹತ್ತು ಮೇಲ್ ಒಂದರೊಳಗೊಂದು ಮಡಚಿಕೊಂಡು ಕೂರುತ್ತವೆ, ಯಾರದ್ದು ಎಲ್ಲಿ ಮುಗಿಯಿತು ಅನ್ನುವುದೇ ತಿಳಿಯುವುದಿಲ್ಲ. 'ಕನ್‌ಫರ್ಮ್ ಬಿಫೋರ್ ಸೆಂಡಿಂಗ್' ಆನ್ ಮಾಡಿ. ಕಳಿಸಿದ ಮೇಲೆ ಕೆಳಗೆ 'ಅನ್‌ಡೂ' ಬಟನ್ ಬರುತ್ತದೆ ನಿಜ, ಆದರೆ ಸವರುತ್ತಾ ಅಲ್ಲಿಗೆ ಹೋಗುವಷ್ಟರಲ್ಲಿ ಅದು ಮಾಯವಾಗಿರುತ್ತದೆ. ಮೊದಲೇ ಕೇಳಿಸಿಕೊಳ್ಳುವುದು ಲೇಸು. ಮೂರನೆಯದು 'ಮೇಲ್ ಸ್ವೈಪ್ ಆಕ್ಷನ್ಸ್': ಎಡ, ಬಲ ಎರಡಕ್ಕೂ 'ನನ್' (None, ಏನೂ ಬೇಡ) ಕೊಡಿ. ಟಾಕ್‌ಬ್ಯಾಕ್ ಇದ್ದಾಗ ಎರಡು ಬೆರಳಿನ ಸವರಿಕೆ ನೇರವಾಗಿ ಆ್ಯಪ್‌ಗೆ ಒಂದು ಬೆರಳಿನ ಸವರಿಕೆಯಂತೆ ಮುಟ್ಟುತ್ತದೆ. ಪಟ್ಟಿಯನ್ನು ಮೇಲೆ ಸರಿಸಲು ಹೋಗಿ ಕೈ ಓರೆಯಾದರೆ ಮೇಲ್ ಇನ್‌ಬಾಕ್ಸ್‌ನಿಂದ ಸರಿದು ಆರ್ಕೈವ್ ಆಗಿಬಿಡುತ್ತದೆ. 'ಮೇಲ್ ಕಳೆದುಹೋಯಿತು' ಎನಿಸಿದಾಗ ಮೊದಲು 'ಆಲ್ ಮೇಲ್' ಫೋಲ್ಡರ್ ನೋಡಿ, ಬಹಳ ಸಲ ಅಲ್ಲೇ ಇರುತ್ತದೆ.

ಓದುವಾಗ ಬಲಕ್ಕೆ ಸವರುತ್ತಲೇ ಹೋಗುವುದು ಎಲ್ಲಕ್ಕಿಂತ ನಿಧಾನದ ದಾರಿ. ಮೂರು ಬೆರಳು ಜೋಡಿಸಿ ಬಲಕ್ಕೆ ಅಥವಾ ಎಡಕ್ಕೆ ಸವರಿದರೆ ಓದುವ ಅಳತೆ ಬದಲಾಗುತ್ತದೆ: ಅಕ್ಷರ, ಪದ, ಸಾಲು, ಪ್ಯಾರಾ, ಹೆಡಿಂಗ್, ಲಿಂಕ್. ಬೇಕಾದದ್ದು ಸಿಕ್ಕ ಮೇಲೆ ಒಂದೇ ಬೆರಳಿನಲ್ಲಿ ಕೆಳಗೆ ಸವರಿದರೆ ಮುಂದಕ್ಕೆ, ಮೇಲೆ ಸವರಿದರೆ ಹಿಂದಕ್ಕೆ. ಜಾಹೀರಾತಿನ ಮೇಲ್ ಆದರೆ ಹೆಡಿಂಗ್ ಇಟ್ಟುಕೊಂಡು ಹಾರಿ. ಉದ್ದದ ಪತ್ರವಾದರೆ ಮೂರು ಬೆರಳಲ್ಲಿ ಒಮ್ಮೆ ತಟ್ಟಿ ಟಾಕ್‌ಬ್ಯಾಕ್ ಮೆನು ತೆರೆದು 'ರೀಡ್ ಫ್ರಮ್ ನೆಕ್ಸ್ಟ್ ಐಟಂ' ಕೊಟ್ಟು ಸುಮ್ಮನೆ ಕೇಳಿ, ಎರಡು ಬೆರಳಲ್ಲಿ ತಟ್ಟಿದರೆ ನಿಲ್ಲುತ್ತದೆ. ಭಾಷೆ ಬದಲಿಸುವ 'ಸ್ಪೋಕನ್ ಲ್ಯಾಂಗ್ವೇಜ್' ಕೂಡ ಓದುವ ಅಳತೆಗಳ ಸಾಲಿನಲ್ಲೇ ಸಿಗಬೇಕು, ಸಿಗದಿದ್ದರೆ ಟಾಕ್‌ಬ್ಯಾಕ್ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಸೇರಿಸಿಕೊಳ್ಳಿ.

ಅಕ್ಷರದ ಅಳತೆ ತೀರಾ ಅಗತ್ಯವಾಗುವ ಎರಡು ಜಾಗಗಳಿವೆ. ಒಂದು ಒಟಿಪಿ. 482915 ಎಂದಿದ್ದರೆ ದನಿ ಅದನ್ನು 'ನಾಲ್ಕು ಲಕ್ಷ ಎಂಬತ್ತೆರಡು ಸಾವಿರದ...' ಎಂದು ಎಳೆಯಬಹುದು, ಒಂದೊಂದೇ ಅಂಕಿ ಕೇಳಿಸಿಕೊಳ್ಳಿ. ಬಸ್ಸಿನಲ್ಲಿದ್ದರೆ ಇಯರ್‌ಫೋನ್ ಹಾಕಿಕೊಂಡೇ. ಇನ್ನೊಂದು ಕಳಿಸಿದವರ ವಿಳಾಸ. ಹೆಸರು ಬ್ಯಾಂಕಿನದೇ ಇರುತ್ತದೆ, ಆ ಹೆಸರಿನ ಹಿಂದಿರುವ ವಿಳಾಸದಲ್ಲಿ 'ಓ' ಜಾಗಕ್ಕೆ ಸೊನ್ನೆ ಕೂತಿರುತ್ತದೆ. ಪದವಾಗಿ ಓದಿಸಿದರೆ ಕಿವಿಗೆ ಅದು ಸಿಕ್ಕದೇ ಹೋಗಬಹುದು.

ಬರೆಯುವುದಕ್ಕೆ ಗೂಗಲ್ ಕೀಬೋರ್ಡ್ ಆದ ಜಿಬೋರ್ಡ್‌ಗೆ ಕನ್ನಡ ಸೇರಿಸಿ, ಮೈಕ್ ಬಟನ್ ಒತ್ತಿ ಹೇಳುವುದು ಬೇಗ. ಹೇಳಿದ ಮೇಲೆ ಪದದ ಅಳತೆಯಲ್ಲಿ ಒಮ್ಮೆ ಮೊದಲಿನಿಂದ ಪೂರ್ತಿ ಕೇಳಿ, ವ್ಯಕ್ತಿಗಳ ಹೆಸರು, ಊರಿನ ಹೆಸರುಗಳನ್ನು ಅಕ್ಷರದಲ್ಲಿ. ಮೈಕ್ ಎಡವುವುದು ಅಲ್ಲೇ. 'ಟು' ಜಾಗದಲ್ಲಿ ನಾಲ್ಕಕ್ಷರ ಹೊಡೆದ ಕೂಡಲೇ ಬರುವ ಸಲಹೆಯನ್ನು ಹೆಸರು ಕೇಳಿದ್ದೇ ಒತ್ತಬೇಡಿ, ಒಂದೇ ಹೆಸರಿನ ಇಬ್ಬರು ಇರಬಹುದು, ವಿಳಾಸವನ್ನೂ ಕೇಳಿ. ಅಟ್ಯಾಚ್‌ಮೆಂಟ್ 25 ಎಂಬಿ ಮೀರಿದರೆ ಜಿಮೇಲ್ ಅದನ್ನು ಡ್ರೈವ್ ಲಿಂಕಾಗಿ ಕಳಿಸುತ್ತದೆ. ಆಗ ತೆರೆಯುವವರಿಗೆ ಅನುಮತಿ ಇದೆಯೇ ನೋಡಬೇಕು.

ಕನ್ನಡದವರನ್ನು ನಿಜಕ್ಕೂ ಗೋಳಾಡಿಸುವುದು ಬಂದ ಅಟ್ಯಾಚ್‌ಮೆಂಟ್. ಕಚೇರಿಯಿಂದ ಬಂದ ಸುತ್ತೋಲೆಯ ಪಿಡಿಎಫ್ ತೆರೆದಾಗ 'ಪಿ, ಎ ಗ್ರೇವ್, ಪೌಂಡ್, ಎ ಗ್ರೇವ್' ಎಂಬಂಥದ್ದು ಕೇಳಿದರೆ ಫೋನ್ ಕೆಟ್ಟಿಲ್ಲ, ದನಿಯೂ ಕೆಟ್ಟಿಲ್ಲ. ಅದು 'ಕನ್ನಡ' ಎಂಬ ಪದದ ಆರಂಭ. 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಫೈಲಿನೊಳಗೆ ಇರುವುದು ಲ್ಯಾಟಿನ್ ಚಿಹ್ನೆಗಳು, ಅವುಗಳ ಮೇಲೆ ಕನ್ನಡದ ಚಿತ್ರ ಹೊದಿಸಿರುತ್ತಾರೆ ಅಷ್ಟೆ. ಕಣ್ಣಿಗೆ ಚಿತ್ರ ಕಾಣುತ್ತದೆ, ಟಾಕ್‌ಬ್ಯಾಕ್‌ಗೆ ಒಳಗಿನ ಚಿಹ್ನೆ. ಕಳಿಸಿದವರು 'ನಮಗೆ ಸರಿಯಾಗಿಯೇ ಕಾಣುತ್ತಿದೆಯಲ್ಲ' ಎನ್ನುವುದು ಅದಕ್ಕೇ.

ಇಂಥ ಫೈಲನ್ನು ಸ್ಕ್ಯಾನ್ ಮಾಡಿದ ಹಾಳೆಯಂತೆಯೇ ಚಿತ್ರ ಎಂದು ಭಾವಿಸಿ. ಪಿಡಿಎಫ್ ತೆರೆದು ಪವರ್ ಮತ್ತು ವಾಲ್ಯೂಮ್ ಕೆಳಗಿನ ಬಟನ್ ಒಟ್ಟಿಗೆ ಒತ್ತಿ ಸ್ಕ್ರೀನ್‌ಶಾಟ್ ತೆಗೆಯಿರಿ, ಗೂಗಲ್ ಫೋಟೋಸ್‌ನಲ್ಲಿ ಅದನ್ನು ತೆರೆದು 'ಲೆನ್ಸ್' ಒತ್ತಿ, ಪಠ್ಯ ಆರಿಸಿ ಕಾಪಿ ಮಾಡಿ, ನೋಟ್ಸ್‌ಗೆ ಅಂಟಿಸಿ ಓದಿಸಿ. ಒಂದು ಸಲಕ್ಕೆ ಪರದೆಯಲ್ಲಿ ಕಂಡಷ್ಟೇ ಬರುತ್ತದೆ, ಕೋಷ್ಟಕವಿದ್ದರೆ ಸಾಲುಗಳು ಕಲಸಿಹೋಗುತ್ತವೆ. ದಿನಾಂಕ, ಮೊತ್ತಗಳನ್ನು ಇದೊಂದನ್ನೇ ನಂಬಿ ಒಪ್ಪಬೇಡಿ.

ಕಳಿಸಿದವರಿಗೆ ಉತ್ತರ ಬರೆಯುವಾಗ 'ನನಗೆ ಓದಲಾಗುತ್ತಿಲ್ಲ' ಎಂದಷ್ಟೇ ಬರೆದರೆ ಅದೇ ಪಿಡಿಎಫ್ ಮತ್ತೆ ಬರುತ್ತದೆ. ಫೈಲಿನೊಳಗೆ ನಿಜವಾದ ಕನ್ನಡ ಅಕ್ಷರಗಳನ್ನೇ ಇಡುವ ವಿಧಾನಕ್ಕೆ ಯೂನಿಕೋಡ್ ಎನ್ನುತ್ತಾರೆ. ಹೀಗೆ ಬರೆಯಿರಿ: 'ದಯವಿಟ್ಟು ಇದನ್ನು ಯೂನಿಕೋಡ್‌ಗೆ ಪರಿವರ್ತಿಸಿ, ವರ್ಡ್ ಫೈಲನ್ನೇ ಕಳಿಸಿ. ಫಾಂಟ್ ಬದಲಿಸಿದರೆ ಸಾಲದು, ಪರಿವರ್ತಕದಲ್ಲಿ ಹಾಯಿಸಬೇಕು.'